ನಾಲ್ಕು ನಿಮಿಷದ ಬೊಂಬಾಯಿ

ನಮ್ಮ ಕಿರುಚಿತ್ರದಲ್ಲಿದ್ದ ನಾಲ್ಕು ನಿಮಿಷದ ಬೊಂಬಾಯಿ ಫ್ಲ್ಯಾಶ್‌ಬ್ಯಾಕನ್ನು ನಾನು ಎಡಿಟಿಂಗ್‌ನಲ್ಲಿ ಪೂರ್ತಿ ತೆಗೆದುಹಾಕಿದೆ. ಆ ನಾಲ್ಕು ನಿಮಿಷಕ್ಕಾಗಿ ಮಂಗಳೂರಿನ ಬಂದರಿನ ಹಳೆ ಗೋದಾಮುಗಳ ನಡುವೆ ಎರಡು ರಾತ್ರಿ ಶೂಟಿಂಗ್ ಮಾಡಿದ್ದೆವು. ಕೈಯಲ್ಲಿದ್ದ ದುಡ್ಡಿನಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಅಲ್ಲಿಗೇ ಹೋಗಿತ್ತು. ಹೊಗೆ ಬಿಟ್ಟಿದ್ದೆವು, ಹಳದಿ ಲೈಟು ಕಟ್ಟಿದ್ದೆವು, ಒಂದು ಹಳೆ ಪ್ರೀಮಿಯರ್ ಪದ್ಮಿನಿ ಕಾರು ಹುಡುಕಿ ತಂದಿದ್ದೆವು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಅದನ್ನು ತೆಗೆದ ಮೇಲೆಯೇ ಚಿತ್ರಕ್ಕೆ ಜೀವ ಬಂತು. ಹಿಂದಿನ ಬದುಕನ್ನು ಮುಚ್ಚಿಟ್ಟವನ ಕತೆ ಮಾಡಲು ಹೊರಟವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಕತೆ ಸಣ್ಣದು. ಮಲ್ಪೆ ಬಂದರಿನ ಹತ್ತಿರ ಭೋಜಣ್ಣನ ಚಾ ಹೋಟೆಲ್. ಹೆಂಡತಿ, ಪಿಯುಸಿ ಓದುವ ಮಗಳು. ಒಂದು ಸಂಜೆ ಇಬ್ಬರು ಅಪರಿಚಿತರು ಒಳಗೆ ಬಂದು ಗಲ್ಲಾಪೆಟ್ಟಿಗೆಗೆ ಕೈ ಹಾಕುತ್ತಾರೆ. ಭೋಜಣ್ಣ ಎಂಟೇ ಸೆಕೆಂಡಿನಲ್ಲಿ ಇಬ್ಬರನ್ನೂ ಕೆಡವುತ್ತಾನೆ. ಊರಿಗೆ ಊರೇ ಅವನನ್ನು ಹೊಗಳುತ್ತದೆ. ಹೆಂಡತಿಗೆ ಮಾತ್ರ ಒಂದು ಪ್ರಶ್ನೆ. ಇವರು ಹೀಗೆ ಹೊಡೆಯಲು ಎಲ್ಲಿ ಕಲಿತರು?

ಈ ಹಂದರ ನನಗೆ ಸಿಕ್ಕಿದ್ದು ಡೇವಿಡ್ ಕ್ರೋನೆನ್‌ಬರ್ಗ್ ನಿರ್ದೇಶಿಸಿದ 2005ರ 'ಎ ಹಿಸ್ಟರಿ ಆಫ್ ವಯಲೆನ್ಸ್' ಚಿತ್ರದಿಂದ. ಅಮೆರಿಕದ ಇಂಡಿಯಾನಾದ ಸಣ್ಣ ಊರಲ್ಲಿ ಟಾಮ್ ಸ್ಟಾಲ್ ಎಂಬ ಸಂಸಾರಸ್ಥ ಹೋಟೆಲ್ ನಡೆಸುತ್ತಾನೆ. ವಿಗ್ಗೊ ಮಾರ್ಟೆನ್ಸನ್ ಆ ಪಾತ್ರ ಮಾಡಿದ್ದಾರೆ. ದರೋಡೆಗೆ ಬಂದ ಇಬ್ಬರನ್ನು ಅವನು ಕೊಲ್ಲುತ್ತಾನೆ, ಟೀವಿಯಲ್ಲಿ ಅವನ ಮುಖ ಬರುತ್ತದೆ, ಅದನ್ನು ನೋಡಿ ಹಳೆಯ ಶತ್ರುಗಳು ಹುಡುಕಿಕೊಂಡು ಬರುತ್ತಾರೆ. 2023ರ ತಮಿಳು ಚಿತ್ರ 'ಲಿಯೋ' ಕೂಡ ಇದೇ ಜಾಡಿನದು. ಅದರ ಹೊತ್ತಿಗೆ ನಮ್ಮ ಕಡೆಯ ಥಿಯೇಟರ್‌ಗಳಲ್ಲೂ ಈ ಕತೆ ಎಲ್ಲರಿಗೂ ಪರಿಚಯವಾಯಿತು.

ಕ್ರೋನೆನ್‌ಬರ್ಗ್ ಚಿತ್ರವನ್ನು ನಾನು ನೋಟ್ ಪುಸ್ತಕ ಹಿಡಿದು ನಾಲ್ಕೈದು ಸಲ ನೋಡಿದೆ. ಎರಡು ವಿಷಯ ಬರೆದುಕೊಂಡೆ. ಟಾಮ್ ಮೊದಲ ಏಟಿಗೆ ಎತ್ತಿಕೊಳ್ಳುವುದು ಕೈಗೆ ಸಿಕ್ಕ ಕಾಫಿ ಜಗ್ಗು. ಅದು ಅವನ ದಿನದ ಕೆಲಸದ ವಸ್ತು. ಎರಡನೆಯದು, ತನ್ನ ಹಳೆಯ ಊರು ಫಿಲಡೆಲ್ಫಿಯಾದಲ್ಲಿ ಅವನು ಏನೇನು ಮಾಡಿದ್ದ ಅಂತ ಚಿತ್ರ ಒಂದು ಸಲವೂ ಹಿಂದಕ್ಕೆ ಹೋಗಿ ತೋರಿಸುವುದಿಲ್ಲ. ಬರೆದುಕೊಂಡೆ ನಿಜ, ಆದರೆ ನಂಬಿಕೆ ಬರಲಿಲ್ಲ. ನಮ್ಮ ಜನಕ್ಕೆ ಫ್ಲ್ಯಾಶ್‌ಬ್ಯಾಕ್ ಬೇಕೇ ಬೇಕು ಅಂದುಕೊಂಡು ಬೊಂಬಾಯಿ ಬರೆದೆ.

ಬೊಂಬಾಯಿಯೇ ಯಾಕೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಮ್ಮ ಕಡೆ ಬೊಂಬಾಯಿಗೆ ಹೋಗಿಬಂದವರಿಲ್ಲದ ಓಣಿ ಇಲ್ಲ. ಹನ್ನೆರಡು ಹದಿಮೂರು ವರ್ಷಕ್ಕೆ ಹೋಗಿ, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಅಲ್ಲಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು ಎಷ್ಟೋ ಜನ. ಅವರು ಕತೆ ಹೇಳುವಾಗ ನಡುವೆ ಕೆಲವು ವರ್ಷ ಸುಮ್ನೆ ಹಾರಿಹೋಗುತ್ತದೆ. 'ಮತ್ತೆ ಊರಿಗೆ ಬಂದೆ' ಅಂತಾರೆ. ಯಾರೂ ಕೆದಕುವುದಿಲ್ಲ. ಹಾಗೆ ಹಾರಿಹೋದ ವರ್ಷಗಳೇ ನನ್ನ ಕತೆ.

ಭೋಜಣ್ಣ 1996ರಲ್ಲಿ ಊರಿಗೆ ಮರಳಿದ ಅಂತ ಬರೆದಿದ್ದೆ. ರೈಲಿನ ಬಾಗಿಲಲ್ಲಿ ನಿಂತು ಹೊಳೆ ನೋಡುತ್ತಾ ಬರುವ ದೃಶ್ಯ. ಅದನ್ನು ಓದಿದ ನಮ್ಮ ಮಾವ ಒಂದೇ ಮಾತು ಕೇಳಿದರು. 'ಆ ವರ್ಷ ಬೊಂಬಾಯಿಂದ ಇಲ್ಲಿಗೆ ರೈಲು ಎಲ್ಲಿತ್ತು ಮಾರಾಯ?' ಕೊಂಕಣ ರೈಲು ಪೂರ್ತಿ ದಾರಿ ಓಡಲು ಶುರುವಾದದ್ದು 1998ರ ಜನವರಿಯಲ್ಲಿ. ಅದಕ್ಕೆ ಮೊದಲು ಬಸ್ಸೇ ಗತಿ. ಆ ದೃಶ್ಯ ಬಿದ್ದುಹೋಯಿತು. ಹಳೆ ಕಾಲ ಬರೆಯುವವರು ಆ ಕಾಲದಲ್ಲಿ ಓಡಾಡಿದವರಿಗೆ ಒಮ್ಮೆ ಓದಿಸಲೇಬೇಕು.

ಐದನೇ ಡ್ರಾಫ್ಟ್‌ವರೆಗೂ ಸ್ಕ್ರಿಪ್ಟ್ ಕಾಲು ಎಳೆಯುತ್ತಾ ಇತ್ತು. ಯಾಕೆಂದರೆ ನಾನು ಭೋಜಣ್ಣನ ಹಿಂದೆಯೇ ಓಡುತ್ತಿದ್ದೆ. ಅವನ ಗುಟ್ಟು ಅವನಿಗೆ ಗೊತ್ತೇ ಇದೆ. ಅವನಿಗೆ ಅದರಲ್ಲಿ ಹೊಸದೇನಿದೆ? ಗೊತ್ತಿಲ್ಲದವಳು ಹೆಂಡತಿ. ಹದಿನೆಂಟು ವರ್ಷ ಒಂದೇ ಚಾಪೆಯಲ್ಲಿ ಮಲಗಿದವಳು. ಕತೆಯನ್ನು ಅವಳ ಕಡೆಯಿಂದ ಮತ್ತೆ ಬರೆದೆ. ಭೋಜಣ್ಣ ಇರುವ ಪ್ರತಿ ದೃಶ್ಯದಲ್ಲಿ ಅವಳು ಎಲ್ಲಿ ನಿಂತಿದ್ದಾಳೆ, ಏನು ನೋಡಿದಳು, ಏನು ಕೇಳಿಸಿಕೊಂಡಳು ಅಂತ ಮಾತ್ರ ಬರೆದೆ. ಮೂರು ವಾರದಲ್ಲಿ ಸ್ಕ್ರಿಪ್ಟ್ ಮುಗಿಯಿತು. ಈ ಬಗೆಯ ಕತೆಗೆ ಕೈ ಹಾಕುವವರು ಮೊದಲು ಮನೆಯವರ ಪಾತ್ರ ಬರೆಯಬೇಕು ಅಂತ ನನಗೆ ಈಗ ಖಾತ್ರಿಯಾಗಿದೆ. ಪೊಲೀಸ್, ವೈರಿ, ಪಿಸ್ತೂಲು ಎಲ್ಲ ಆಮೇಲೆ.

ಅವಳಿಗೆ ಮೊದಲ ಸಂಶಯ ಬರುವುದು ಲೆಕ್ಕದಿಂದ. ದಿನಾ ಸಂಜೆ ಹೋಟೆಲಿಗೆ ಪಿಗ್ಮಿಯವರು, ಅಂದರೆ ದಿನದ ಸಣ್ಣ ಉಳಿತಾಯ ಸಂಗ್ರಹಿಸುವ ಬ್ಯಾಂಕಿನವರು, ಬರುತ್ತಾರೆ. ಪಿಗ್ಮಿ ನಮ್ಮ ಉಡುಪಿಯದೇ ಕೂಸು, 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ್ದು. ಭೋಜಣ್ಣ ಹತ್ತರ ನೋಟು ಎಣಿಸಿ ಕೊಡಬೇಕು. ಬೊಂಬಾಯಿಯ ಮೆಟ್ಟಿಲೇ ಹತ್ತಿಲ್ಲ ಅಂತ ಹೆಂಡತಿಗೆ ಹೇಳಿಕೊಂಡು ಬಂದವನು. ದಿನಾ ತುಳುವಿನಲ್ಲೇ ಎಣಿಸುತ್ತಾನೆ, ಒಂಜಿ, ರಡ್ಡ್, ಮೂಜಿ. ಆ ಗಲಾಟೆಯ ಮರುದಿನ ಮನಸ್ಸು ಎಲ್ಲೋ ಇರುವಾಗ ಬಾಯಿಂದ ಬೇರೆ ಭಾಷೆ ಬರುತ್ತದೆ. ಮೊದಲು ಮರಾಠಿ ಬರೆದಿದ್ದೆ, ಏಕ್, ದೋನ್, ತೀನ್ ಅಂತ. ನಮ್ಮ ಕ್ಯಾಮೆರಾ ಹುಡುಗ ಕೊಂಕಣಿ ಮಾತಾಡುವವನು. 'ಅಣ್ಣ, ನಮ್ಮ ಮನೆಯಲ್ಲೂ ದೋನ್ ಅಂತಾನೇ ಹೇಳೋದು. ನೋಡಿದವರು ಇವ ಕೊಂಕಣಿಯವ ಅಂತ ತಿಳ್ಕೊಳ್ತಾರೆ' ಅಂದ. ಸರಿಯಾದ ಮಾತು. ಹಿಂದಿಗೆ ಬದಲಿಸಿದೆ. ಏಕ್ ದೋ ತೀನ್ ಶಾಲೆಗೆ ಹೋದ ಎಲ್ಲರಿಗೂ ಬರುತ್ತದೆ, ಅದು ಸಾಕ್ಷಿ ಆಗುವುದಿಲ್ಲ. ಹಾಗಾಗಿ ನಲವತ್ತರ ಮೇಲೆ ತಂದು ಜಾರಿಸಿದೆ. ಇಕ್ತಾಲೀಸ್, ಬಯಾಲೀಸ್, ತೈಂತಾಲೀಸ್. ಹಿಂದಿಯ ಈ ಅಂಕಿಗಳು ಪುಸ್ತಕ ಓದಿ ನಾಲಗೆಗೆ ಹತ್ತುವುದಿಲ್ಲ. ವರ್ಷಗಟ್ಟಲೆ ಹಿಂದಿಯಲ್ಲಿ ದುಡ್ಡು ಎಣಿಸಿದವನಿಗೆ ಮಾತ್ರ ಅಷ್ಟು ಸಲೀಸಾಗಿ ಬರುತ್ತದೆ. ಲೋಟ ಒರೆಸುತ್ತಿದ್ದ ಹೆಂಡತಿಯ ಕೈ ಅಲ್ಲಿಗೇ ನಿಲ್ಲುತ್ತದೆ. ಅವಳು ತಿರುಗಿ ನೋಡುವುದಿಲ್ಲ. ಮತ್ತೆ ಒರೆಸಲು ಶುರು ಮಾಡುತ್ತಾಳೆ, ಅಷ್ಟೆ.

ಭೋಜಣ್ಣನ ಪಾತ್ರ ಮಾಡಿದವರು ಯಕ್ಷಗಾನದ ಹವ್ಯಾಸಿ ಕಲಾವಿದರು, ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮಾಡುವವರು. ಕಣ್ಣು, ಹುಬ್ಬು, ದನಿ ಎಲ್ಲ ದೊಡ್ಡದು. ಅವರು ಬೇಡ ಅಂತ ಕೆಲವರು ಹೇಳಿದರು. ರಿಹರ್ಸಲ್‌ನ ಮೊದಲ ದಿನ ಅವರೇ ಒಂದು ಮಾತು ಹೇಳಿದರು. 'ಪಂಚವಟಿ ಪ್ರಸಂಗದಲ್ಲಿ ಮಾಯಾ ಶೂರ್ಪನಖಿಗೆ ಒಬ್ಬರು, ಘೋರ ಶೂರ್ಪನಖಿಗೆ ಇನ್ನೊಬ್ಬರು. ಚಂದದ್ದು ಸ್ತ್ರೀವೇಷದವರ ಪಾಲಿಗೆ, ಘೋರ ನಮ್ಮ ಪಾಲಿಗೆ. ಇಲ್ಲಿ ಎರಡನ್ನೂ ನಾನೇ ಹೊರಬೇಕಲ್ಲ, ಅದೂ ಬಣ್ಣ ಇಲ್ಲದೆ.' ಪಾತ್ರವನ್ನು ಅವರು ನನಗಿಂತ ಚೆನ್ನಾಗಿ ಹಿಡಿದಿದ್ದರು. ಅವರ ದೊಡ್ಡ ಅಭಿನಯ ಇಳಿಸಲು ಹತ್ತು ದಿನ ಬೆಳಿಗ್ಗೆ ನಿಜವಾಗಿ ಚಾ ಮಾಡಿಸಿದೆವು. ಹಾಲು ಉಕ್ಕುವುದನ್ನು ನೋಡಿಕೊಳ್ಳುವವನಿಗೆ ಹುಬ್ಬು ಕುಣಿಸಲು ಸಮಯ ಎಲ್ಲಿರುತ್ತದೆ?

ಶೂಟಿಂಗ್ ಇಟ್ಟುಕೊಂಡದ್ದು ಜುಲೈಯಲ್ಲಿ. ಮಳೆಗಾಲದಲ್ಲಿ ಯಾಕೆ ಅಂತ ಎಲ್ಲರೂ ಕೇಳಿದರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೋಟುಗಳೆಲ್ಲ ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಬೋಟಿನವರಿಲ್ಲದೆ ಹೋಟೆಲಿಗೆ ಗಿರಾಕಿ ಕಡಿಮೆ. ಹಾಗಾಗಿಯೇ ನಮಗೆ ನಾಲ್ಕು ದಿನಕ್ಕೆ ಒಂದು ಹೋಟೆಲ್ ಸಿಕ್ಕಿತು. ಬಂದರು ಅಷ್ಟು ಸುಮ್ಮನಿರುವುದು ವರ್ಷದಲ್ಲಿ ಅದೊಂದೇ ಹೊತ್ತಿಗೆ. ಕಣ್ಣುತಪ್ಪಿಸಿ ಬದುಕುವವನ ಕತೆಗೆ ಆ ಮೌನ ಬೇಕಿತ್ತು.

ಮಳೆ ನಮ್ಮನ್ನು ಸಾಕಷ್ಟು ಸತಾಯಿಸಿತು. ಹೋಟೆಲಿನ ಮಾಡು ತಗಡಿನದು. ಮಳೆ ಹೊಡೆದರೆ ಪಕ್ಕದವರ ಮಾತೂ ಕೇಳಿಸದು. ತಗಡಿನ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ತೆಂಗಿನ ಮಡಲು ಹಾಕಿದೆವು. ಸದ್ದು ಅರ್ಧಕ್ಕರ್ಧ ಇಳಿಯಿತು. ಎರಡನೇ ದಿನ ಬಾಡಿಗೆಯ ಮೈಕ್‌ಗೆ ನೀರು ಹೋಗಿ ಕೈಕೊಟ್ಟಿತು. ಅವತ್ತಿನ ಗಂಡ ಹೆಂಡತಿ ಜಗಳದ ದೃಶ್ಯವನ್ನು ಮಾತೇ ಇಲ್ಲದೆ ತೆಗೆದೆವು. ಒಂದೂವರೆ ಪುಟದ ಮಾತು ಹೋಯಿತು. ಅದನ್ನು ನಾನು ಮತ್ತೆ ಸೇರಿಸಲಿಲ್ಲ. ಇನ್ನೊಂದು ವಿಷಯ, ನಿಜವಾದ ಮಳೆ ಕ್ಯಾಮೆರಾ ಕಡೆಯಿಂದ ಬೀಳುವ ಬೆಳಕಿನಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಲೈಟನ್ನು ಮಳೆಯ ಹಿಂದೆ, ಕ್ಯಾಮೆರಾ ಕಡೆ ಮುಖ ಮಾಡಿ ಇಡಬೇಕು. ಆಗ ಒಂದೊಂದು ಹನಿಯೂ ಗೆರೆಯಾಗಿ ಕಾಣುತ್ತದೆ.

ಹೊಡೆದಾಟಕ್ಕೆ ನಾನು ಮೀನು ಕೊಯ್ಯುವ ಕತ್ತಿ ಬರೆದಿದ್ದೆ. ಹೋಟೆಲಿನ ಅಡುಗೆ ಅಕ್ಕ ತಲೆ ಅಲ್ಲಾಡಿಸಿದರು. ಕತ್ತಿ ಹಿಂದಿನ ಕಟ್ಟೆಯಲ್ಲಿರುತ್ತದೆ, ಎದುರಿನ ಒಲೆಯ ಹತ್ತಿರ ಯಾರು ಇಡುತ್ತಾರೆ? ಅಲ್ಲಿರುವುದು ಗೋಳಿಬಜೆ ತೆಗೆಯುವ ಕಣ್ಣು ಸಟ್ಟುಗ. ಕಾಫಿ ಜಗ್ಗಿನ ಪಾಠ ನೋಟ್ ಪುಸ್ತಕದಲ್ಲೇ ಇತ್ತು, ನನಗೆ ಹೊಳೆದಿರಲಿಲ್ಲ. ಎಣ್ಣೆ ತೊಟ್ಟಿಕ್ಕುವ ಸಟ್ಟುಗ, ಆಮೇಲೆ ಮರದ ಬೆಂಚು. ಎಂಟು ಸೆಕೆಂಡ್. ಮುಗಿದ ಕೂಡಲೇ ಭೋಜಣ್ಣ ಮೊದಲು ಗ್ಯಾಸ್ ಆಫ್ ಮಾಡುತ್ತಾನೆ. ಬಜೆ ಕರಟಿಹೋಗಬಾರದು ಅಂತ.

ಅದರ ನಂತರದ ಶಾಟ್‌ಗಾಗಿ ನಾನು ಇಡೀ ಚಿತ್ರ ಮಾಡಿದೆ ಅಂದರೂ ತಪ್ಪಿಲ್ಲ. ಜನ ಸೇರಿದ್ದಾರೆ. ಯಾರೋ ಅವನನ್ನು ಕೂರಿಸಿ ಕೈಗೆ ಒಂದು ಗ್ಲಾಸ್ ಚಾ ಕೊಡುತ್ತಾರೆ, ಕಂಠದವರೆಗೆ ತುಂಬಿದ್ದು. ಮೊದಲ ಟೇಕ್‌ಗಳಲ್ಲಿ ನಮ್ಮ ಕಲಾವಿದರು ಕೈ ನಡುಗಿಸಿದರು. ಯಾರಾದರೂ ಹಾಗೇ ಮಾಡುತ್ತಾರೆ. ನನಗೂ ಅದೇ ಸರಿ ಅನ್ನಿಸಿತ್ತು. ಏಳನೇ ಟೇಕ್ ಆದ ಮೇಲೆ ಹೆಂಡತಿಯ ಪಾತ್ರ ಮಾಡಿದ ಅಕ್ಕ ನನ್ನ ಹತ್ತಿರ ಬಂದು, 'ನಡುಗಿದರೆ ನನಗೆ ಪಾಪ ಅನ್ನಿಸ್ತದೆ. ನಡುಗದಿದ್ದರೆ ಹೆದರಿಕೆ ಆಗ್ತದೆ' ಅಂದರು. ಮೈ ಜುಮ್ ಅಂದಿತು. ಹದಿನಾಲ್ಕನೇ ಟೇಕ್ ಸರಿಯಾಯಿತು. ಗ್ಲಾಸಿನ ಅಂಚಿನಲ್ಲಿ ಚಾ. ಒಂದು ಹನಿ ಚೆಲ್ಲುವುದಿಲ್ಲ, ಕೆನೆ ಕೂಡ ಅಲುಗಾಡುವುದಿಲ್ಲ. ಹಿಂದೆ ಮಸುಕಾಗಿ ಹೆಂಡತಿ, ನಿಧಾನಕ್ಕೆ ಅವಳ ಮುಖಕ್ಕೆ ಫೋಕಸ್ ಹೋಗುತ್ತದೆ. ಅವಳು ಅವನ ಮುಖ ನೋಡುತ್ತಿಲ್ಲ, ಕೈ ನೋಡುತ್ತಿದ್ದಾಳೆ.

ಎಡಿಟಿಂಗ್‌ನಲ್ಲಿ ಈ ಶಾಟ್ ಆದ ಕೂಡಲೇ ಗೋದಾಮು, ಹೊಗೆ, ಪದ್ಮಿನಿ ಕಾರು ಬರುತ್ತಿತ್ತು. ಆ ಕೈ ಹುಟ್ಟಿಸಿದ ಹೆದರಿಕೆ ಅಲ್ಲೇ ಇಳಿದುಹೋಗುತ್ತಿತ್ತು. ಬೊಂಬಾಯಿ ಆ ಕೈಯಲ್ಲಿ ಆಗಲೇ ಬಂದಾಗಿತ್ತು, ಮತ್ತೆ ತೋರಿಸಿ ಏನಾಗಬೇಕು? ಎರಡು ದಿನ ನಿದ್ದೆ ಬರಲಿಲ್ಲ, ಅಷ್ಟು ಜನರ ಎರಡು ರಾತ್ರಿಯ ದುಡಿಮೆ ಅದು. ತೆಗೆದೆ. ಆ ದೃಶ್ಯದಲ್ಲಿ ನಟಿಸಿದ ಪ್ರತಿಯೊಬ್ಬರ ಮನೆಗೂ ಹೋಗಿ ಹೇಳಿ ಬಂದೆ. ಇಂಥ ಮಾತನ್ನು ಫೋನಿನಲ್ಲಿ ಹೇಳಬಾರದು. 25 ನಿಮಿಷದ ಚಿತ್ರ 21ಕ್ಕೆ ಬಂದು ನಿಂತಿತು.

ಕೊನೆಗೆ ಉಳಿದದ್ದು ಸಬ್‌ಟೈಟಲ್. ತುಳು, ಕನ್ನಡ ಎರಡೂ ಬಾರದವರು ನೋಡುವಾಗ ಭೋಜಣ್ಣ ತುಳುವಿನಿಂದ ಹಿಂದಿಗೆ ಜಾರಿದ್ದು ಹೇಗೆ ಗೊತ್ತಾಗಬೇಕು? ಅಕ್ಷರಕ್ಕೆ ಬೇರೆ ಬಣ್ಣ ಕೊಟ್ಟು ನೋಡಿದೆವು. ತಪ್ಪು ತೋರಿಸಿಕೊಟ್ಟ ಹಾಗೆ ಕಾಣುತ್ತಿತ್ತು. ಈಗ ನಲವತ್ತರವರೆಗೆ ಪ್ರತಿ ಅಂಕಿಗೂ ಸಬ್‌ಟೈಟಲ್ ಇದೆ. ಇಕ್ತಾಲೀಸ್ ಬಂದ ಕೂಡಲೇ ಪರದೆಯ ಕೆಳಗೆ ಏನೂ ಇರುವುದಿಲ್ಲ. ದನಿ ಮಾತ್ರ ಕೇಳುತ್ತದೆ, ಮತ್ತೆ ಲೋಟ ಒರೆಸುವ ಬಟ್ಟೆ ನಿಂತದ್ದು ಕಾಣುತ್ತದೆ.