ಮೈಸೂರಿಗೆ ಬಂದವರಿಗೆ ಕನ್ನಡ ಓದು ಕಲಿಸುವಾಗ

ಮೈಸೂರಿನ ಕುವೆಂಪುನಗರದಲ್ಲಿ ಸಂಜೆ ಹೊತ್ತು ನಾನು ದೊಡ್ಡವರಿಗೆ ಕನ್ನಡ ಹೇಳಿಕೊಡುತ್ತೇನೆ. ಬರುವವರೆಲ್ಲ ಹೊರರಾಜ್ಯದವರು. ಹೆಬ್ಬಾಳದ ಕಂಪನಿಗಳಲ್ಲಿ ಕೆಲಸ ಮಾಡುವವರು, ಬ್ಯಾಂಕಿಗೆ ವರ್ಗವಾಗಿ ಬಂದವರು, ಇಲ್ಲಿಗೆ ಸೊಸೆಯಾಗಿ ಬಂದವರು. ಮಾತು ಹೇಗೋ ಅಷ್ಟಿಷ್ಟು ಬಂದಿರುತ್ತದೆ. ತರಕಾರಿಯವರು, ಆಟೊದವರು, ಮನೆ ಓನರ್ ಎಲ್ಲ ಸೇರಿ ಕಲಿಸಿರುತ್ತಾರೆ. ಬೋರ್ಡ್ ನೋಡಿದರೆ ಮಾತ್ರ ಕಣ್ಣು ಕತ್ತಲೆ. ಕಿವಿಗೆ ಆಗಲೇ ಗೊತ್ತಿರುವ ಕನ್ನಡವನ್ನು ಕಣ್ಣಿಗೂ ಗುರುತು ಮಾಡಿಸಬೇಕು, ಅಷ್ಟೇ ನನ್ನ ಕೆಲಸ.

ಅ ಆ ಇ ಈ ಇಂದ ನಾನು ಶುರು ಮಾಡುವುದಿಲ್ಲ. 49 ಅಕ್ಷರ, ಕಾಗುಣಿತ, ಒತ್ತಕ್ಷರ ಅಂತ ಸಾಲಾಗಿ ಹೊರಟರೆ ಒಂದು ಪದ ಓದುವಷ್ಟರಲ್ಲಿ ಅರ್ಧ ಜನ ಕ್ಲಾಸ್ ಬಿಟ್ಟಿರುತ್ತಾರೆ. ನಾನು ಹಿಡಿದದ್ದು ನಲಿ-ಕಲಿಯ ದಾರಿ. ಶಾಲೆಯ ಚಿಕ್ಕ ಮಕ್ಕಳಿಗೆ ಕಲಿಸಲು 1995ರಲ್ಲಿ ನಮ್ಮ ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲೇ ಶುರುವಾದ ಪದ್ಧತಿ ಅದು. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಸರ, ರಸ, ದರ, ಅರಸ, ಗರಗಸ ಎಲ್ಲ ಓದಬಹುದು. ಮೊದಲ ದಿನವೇ ಪದ ಓದಿ ಮನೆಗೆ ಹೋಗುತ್ತಾರೆ. ಮಕ್ಕಳ ಪಾಠ ಅಂತ ಯಾರೂ ಮುಖ ಸಿಂಡರಿಸಿದ್ದಿಲ್ಲ.

ಎಲ್ಲರೂ ಒಂದೇ ಕಡೆ ಎಡವುವುದಿಲ್ಲ. ತೆಲುಗಿನವರಿಗೆ ಲಿಪಿ ಹೆಚ್ಚುಕಮ್ಮಿ ಬಂದೇ ಇರುತ್ತದೆ, ಅವರನ್ನು ಬೇಗ ಮುಂದಕ್ಕೆ ಕಳಿಸುತ್ತೇನೆ. ತಮಿಳಿನವರಿಗೆ ಕ, ಗ ಎರಡಕ್ಕೂ ಊರಲ್ಲಿ ಒಂದೇ ಅಕ್ಷರ. ಹಾಗಾಗಿ ಇಲ್ಲಿ ಎರಡು ಯಾಕೆ ಅನ್ನುವುದು ಕಣ್ಣಿಗೆ ಹತ್ತಲು ಸ್ವಲ್ಪ ದಿನ ಬೇಕು. ಹಿಂದಿಯವರು ಅರಸ ಅಂತ ಬರೆದರೆ ‘ಅರಸ್’ ಅಂತ ಓದುತ್ತಾರೆ. ಕೊಡು, ಕೋಡು ಎರಡೂ ಅವರ ಬಾಯಲ್ಲಿ ಒಂದೇ.

ನಿಜವಾದ ಕಷ್ಟ ಒತ್ತಿನದು. ‘ರಾತ್ರಿ’ ತೆಗೆದುಕೊಳ್ಳಿ. ಗುಡಿಸು ಇರುವುದು ತ ಮೇಲೆ, ಆದರೆ ನಾವು ಇಕಾರ ಹೇಳುವುದು ಕೆಳಗಿನ ರ ಆದ ಮೇಲೆ. ಹೊಸಬರು ಕಂಡ ಹಾಗೇ ‘ರಾತಿರ’ ಅಂತಾರೆ. ಕಂಡದ್ದನ್ನೇ ಓದಿದ್ದಾರೆ, ತಪ್ಪೇನು ಅಲ್ವಾ? ಅರ್ಕಾವತ್ತಿನದು ಇನ್ನೂ ತಮಾಷೆ, ‘ಸೂರ್ಯ’ ಹೋಗಿ ‘ಸೂಯರ’ ಆಗುತ್ತದೆ. ಇದಕ್ಕೆ ನಾನು ನಿಯಮ ಹೇಳುವುದಿಲ್ಲ. ಅವರು ದಿನಾ ಆಡುವ ಮಾತನ್ನೇ ಬರೆದು ತೋರಿಸುತ್ತೇನೆ. ಅಕ್ಕಿ, ಬೆಣ್ಣೆ, ಮಂಡ್ಯ, ರಾತ್ರಿ, ಖರ್ಚು. ಬಾಯಿಗೆ ಪದ ಗೊತ್ತಿರುವುದರಿಂದ ಕಣ್ಣು ತಾನಾಗೇ ಸರಿಹೋಗುತ್ತದೆ. ಗೊತ್ತಿಲ್ಲದ ಪದದಲ್ಲಿ ಒತ್ತು ಕಲಿಸಲು ಹೋದರೆ ಎರಡು ಭಾರ ಒಟ್ಟಿಗೆ ಹೊರಿಸಿದಂತೆ.

ಅಕ್ಷರ ಕೂಡಿತು ಅಂದ ಕೂಡಲೇ ಜೋರಾಗಿ ಓದಿಸುವುದನ್ನು ನಿಲ್ಲಿಸುತ್ತೇನೆ. ಸಾಲಾಗಿ ಒಬ್ಬೊಬ್ಬರು ಎದ್ದು ಒಂದೊಂದು ಪ್ಯಾರಾ ಓದುವುದು ನಮ್ಮ ಶಾಲೆಗಳ ಹಳೇ ಚಾಳಿ. ಓದುವವರ ಗಮನವೆಲ್ಲ ಉಚ್ಚಾರಣೆ ಮೇಲೆ, ಕೇಳುವವರ ಗಮನ ತಮ್ಮ ಸರದಿ ಮೇಲೆ. ಏನು ಓದಿದಿರಿ ಅಂತ ಕೇಳಿದರೆ ಇಬ್ಬರಿಗೂ ಗೊತ್ತಿರುವುದಿಲ್ಲ.

ಅದರ ಬದಲು ಪೇಪರಿನಲ್ಲಿ ಬರುವ ಕರೆಂಟ್ ಕಟ್ ಪ್ರಕಟಣೆ ಕೊಡುತ್ತೇನೆ. ಮೈಸೂರಿನಲ್ಲಿ ಇದಕ್ಕೆ ಬರ ಇಲ್ಲ. ಕೊಡುವ ಮೊದಲೇ ಪ್ರಶ್ನೆ ಕೇಳುತ್ತೇನೆ: ನಿಮ್ಮ ಏರಿಯಾ ಇದೆಯಾ? ಎಷ್ಟು ಗಂಟೆಯಿಂದ? ಆಮೇಲೆ ಸುಮ್ನೆ ಕಣ್ಣಾಡಿಸಿ ಅಂತ ಹೇಳಿ ಸ್ವಲ್ಪವೇ ಹೊತ್ತು ಕೊಟ್ಟು ಹಾಳೆ ಮಗುಚಿಸುತ್ತೇನೆ. ಸರಸ್ವತಿಪುರಂ, ಬೋಗಾದಿ, ಹೂಟಗಳ್ಳಿ ಅನ್ನುವ ಹೆಸರು ಯಾರಿಗೂ ಹೊಸದಲ್ಲ, ತಟ್ಟನೆ ಹುಡುಕುತ್ತಾರೆ. ‘ನಿರ್ವಹಣಾ ಕಾಮಗಾರಿ’ ಎದುರಾದರೆ ನಿಲ್ಲಬೇಡಿ, ದಾಟಿಹೋಗಿ ಅಂತೀನಿ. ಇದನ್ನು ಒಪ್ಪಿಸುವುದೇ ಕಷ್ಟ. ಜಾಸ್ತಿ ಓದಿಕೊಂಡವರಿಗೆ ಒಂದು ಪದ ಬಿಟ್ಟರೂ ಸಮಾಧಾನ ಇರುವುದಿಲ್ಲ, ಕೈ ಮೊಬೈಲ್ ಕಡೆ ಹೋಗುತ್ತದೆ.

ಎರಡನೇ ಸಲ ಹಾಳೆ ತಿರುಗಿಸಿದಾಗ ವಾಕ್ಯದ ಕೊನೆ ನೋಡಿಸುತ್ತೇನೆ. ‘ವಿದ್ಯುತ್ ಪೂರೈಕೆ ಇರುವುದಿಲ್ಲ.’ ಇಡೀ ವಾಕ್ಯದ ಜೀವ ಆ ಕೊನೆಯ ಪದದಲ್ಲಿದೆ. ಅಲ್ಲಿವರೆಗೆ ಓದದೆ ಮಧ್ಯದಲ್ಲೇ ಅರ್ಥ ಊಹಿಸಿದವರು ಕರೆಂಟ್ ಇರುತ್ತದೆ ಅಂದುಕೊಂಡಿರುತ್ತಾರೆ. ‘ಇರುವುದಿಲ್ಲ’ ಅಂದರೆ ನೀವು ದಿನಾ ಅನ್ನುವ ‘ಇರಲ್ಲ’ ಅಂದ ಕೂಡಲೇ ಕ್ಲಾಸಿನಲ್ಲಿ ಒಂದು ‘ಓಹೋ’ ಬರುತ್ತದೆ. ಅಲ್ಲಿಂದ ಒಂದು ಪಟ್ಟಿ ಬೆಳೆಯುತ್ತದೆ. ಬರ್ತಾರೆ, ಬರುತ್ತಾರೆ. ಮಾಡ್ತೀನಿ, ಮಾಡುತ್ತೇನೆ. ಹೋಗಲ್ಲ, ಹೋಗುವುದಿಲ್ಲ. ಎಡಗಡೆ ಕಿವಿಯ ಕನ್ನಡ, ಬಲಗಡೆ ಪೇಪರಿನ ಕನ್ನಡ. ಪಟ್ಟಿ ತುಂಬಿಸುವವರು ಅವರೇ. ನಾನು ಬರೆದುಕೊಟ್ಟರೆ ಚೀಲ ಸೇರುತ್ತದೆ, ಅಷ್ಟೇ.

‘ಮನೆಯಲ್ಲಿರುವವರಿಗೆ’ ತರಹದ ಉದ್ದ ಪದಗಳಿಗೆ ಪೆನ್ಸಿಲ್ ಬೇಕು. ಮನೆಯಲ್ಲಿ, ಇರುವವರು, ಗೆ ಅಂತ ಗೀಟು ಹಾಕಿ ಒಡೆಯುತ್ತಾರೆ. ಕೆಲವು ವಾರ ಕಳೆದರೆ ಗೀಟು ಬೇಕಾಗುವುದಿಲ್ಲ.

ಮದುವೆ ಪತ್ರಿಕೆ, ಅಪಾರ್ಟ್‌ಮೆಂಟ್ ನೋಟಿಸ್ ಆದ ಮೇಲೆ ಕಥೆ ಕೊಡಿ ಮೇಡಂ ಅಂತ ಶುರು ಮಾಡುತ್ತಾರೆ. ಕಥೆಯಲ್ಲಿ ಮೊದಲು ಬರೀ ಸಂಭಾಷಣೆ ಓದಿಸುತ್ತೇನೆ. ‘ಎಲ್ಲಿಗ್ ಹೋಯ್ತಿದ್ದೀಯಾ’ ಅಂತ ಮಂಡ್ಯ ಕಡೆಯ ಮಾತು ಬಂದರೆ ಹೆದರುವುದೇ ಇಲ್ಲ. ಅದನ್ನು ಹಾಲಿನವರ ಬಾಯಲ್ಲಿ ಕೇಳಿರುತ್ತಾರೆ. ಯಾರು ಯಾರ ಹತ್ತಿರ ಮಾತಾಡುತ್ತಿದ್ದಾರೆ, ಯಾಕೆ ಸಿಟ್ಟು ಅಂತ ಅವರವರೇ ಚರ್ಚೆ ಮಾಡಿಕೊಂಡ ಮೇಲೆ ಉಳಿದ ನಿರೂಪಣೆಗೆ ಹೋಗುತ್ತಾರೆ. ಕೈಬರಹ ಓದುವುದು ಬೇರೆಯೇ ಪಾಠ, ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಒಬ್ಬೊಬ್ಬರು ತಮ್ಮ ಪಕ್ಕದ ಮನೆಯವರ ಹತ್ತಿರ ಒಂದು ಚೀಟಿ ಬರೆಸಿಕೊಂಡು ಬರಬೇಕು.