ಆ ಸಿಟ್ಟು ಯಾವ ಊರಿನದು?

ಉಡುಪಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಜೊತೆಗೆ ಮಹಿಳಾ ಘಟಕದ ಜವಾಬ್ದಾರಿಯೂ ನನ್ನದೇ. ಯಾರೂ ಕೇಳಿ ಪಡೆಯುವ ಕೆಲಸ ಅಲ್ಲ ಇದು. ಮಾರ್ಚ್ 8 ಹತ್ತಿರ ಬಂದಾಗ ಒಂದು ಭಾಷಣ, ಒಂದು ರಂಗೋಲಿ ಸ್ಪರ್ಧೆ, ಅತಿಥಿಗಳಿಗೆ ಹಾರದ ಬದಲು ಒಂದು ಗಿಡ. ಇಷ್ಟಾದರೆ ವರದಿಗೆ ಸಾಕು. ಎರಡು ವರ್ಷ ನಾನೂ ಅಷ್ಟೇ ಮಾಡಿದೆ.

ಮೂರನೇ ವರ್ಷ ಎಲ್ಲಿಂದಲೋ ಧೈರ್ಯ ಬಂದು, ‘ಸ್ತ್ರೀವಾದ ಅಂದರೇನು’ ಅಂತ ಒಂದು ಗಂಟೆಯ ತರಗತಿ ಇಟ್ಟುಕೊಂಡೆ. ಪ್ರೊಜೆಕ್ಟರ್, ವ್ಯಾಖ್ಯಾನ, ಎಲ್ಲಾ ತಯಾರಿ ಮಾಡಿಕೊಂಡಿದ್ದೆ. ‘ಗಂಡು ಹೆಣ್ಣು ಇಬ್ಬರಿಗೂ ಒಂದೇ ಹಕ್ಕು, ಅಷ್ಟೇ. ಇದರಲ್ಲಿ ಹೆದರುವಂಥದ್ದು ಎಂತ ಉಂಟು?’ ಅಂತ ಮುಗಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದ.

“ಮೇಡಂ, ಸಮಾನತೆ ಬೇಕು ಅಂತಾರೆ. ಬಸ್ಸಲ್ಲಿ ಲೇಡೀಸ್ ಸೀಟೂ ಬೇಕು ಅಂತಾರೆ. ಅದು ಹೇಗೆ?”

ಜೋರು ಚಪ್ಪಾಳೆ ಬಿತ್ತು. ನನಗಲ್ಲ, ಅವನಿಗೆ. ಹುಡುಗಿಯರೂ ತಟ್ಟಿದರು. ನನಗೆ ಜಾಸ್ತಿ ತಾಗಿದ್ದು ಅದೇ.

ಸ್ಟಾಫ್ ರೂಮಿನಲ್ಲಿ ನನ್ನ ಸಹೋದ್ಯೋಗಿ ಟಿಫಿನ್ ಬಾಕ್ಸ್ ತೆರೆಯುತ್ತಾ, “ಆ ಶಬ್ದ ಯಾಕೆ ಎತ್ತಲಿಕ್ಕೆ ಹೋದದ್ದು ಮಾರಾಯ್ತಿ? ಮಹಿಳಾ ಸಬಲೀಕರಣ ಅಂದಿದ್ದರೆ ಒಬ್ಬನೂ ಏಳುತ್ತಿರಲಿಲ್ಲ” ಅಂದರು. ಸತ್ಯ. ಸಬಲೀಕರಣಕ್ಕೆ ಯಾರೂ ಸಿಟ್ಟಾಗುವುದಿಲ್ಲ. ಅದು ಯಾರ ಹತ್ತಿರವೂ ಏನೂ ಕೇಳುವುದಿಲ್ಲವಲ್ಲ.

ಮುಂದಿನ ಸಲ ನಾನು ಮಾತಾಡುವುದನ್ನೇ ಕಡಿಮೆ ಮಾಡಿದೆ. ಹಳೆ ಉತ್ತರ ಪತ್ರಿಕೆಗಳ ಖಾಲಿ ಹಾಳೆ ಹರಿದು ಚೀಟಿ ಮಾಡಿದೆ. ಹೆಸರು ಬರೆಯುವುದು ಬೇಡ. ಒಂದೇ ಪ್ರಶ್ನೆ: ‘ಫೆಮಿನಿಸ್ಟ್ ಅಂದ ಕೂಡಲೇ ನಿಮ್ಮ ಕಣ್ಣೆದುರು ಯಾರು ಬರುತ್ತಾರೆ?’ ಅರ್ಥ ಬರೆಯಿರಿ ಅಂತ ಹೇಳಲಿಲ್ಲ. ಅರ್ಥ ಕೇಳಿದರೆ ಗೂಗಲ್‌ನಲ್ಲಿ ಸಿಕ್ಕಿದ್ದನ್ನು ಬರೆದು ಕೊಡುತ್ತಾರೆ.

46 ಚೀಟಿ ಬಂತು. ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿದೆ. ‘ಸಣ್ಣ ಕೂದಲು, ದೊಡ್ಡ ಬಿಂದಿ.’ ‘ಗಂಡಸರನ್ನು ಕಂಡರೆ ಆಗದವರು.’ ‘ಬೆಂಗಳೂರಿನವರು.’ ‘ಡಿವೋರ್ಸ್ ಆದವರು.’ ಯಾರೋ ಹುಡುಗಿ ನಡುರಸ್ತೆಯಲ್ಲಿ ಕ್ಯಾಬ್ ಡ್ರೈವರ್‌ಗೆ ಹೊಡೆಯುವ ವಿಡಿಯೋ ಆರು ಚೀಟಿಗಳಲ್ಲಿ ಇತ್ತು. ಒಂದರಲ್ಲಿ ‘498ಎ’ ಅಂತ ಬರೇ ನಂಬರ್, ಹೆಂಡತಿಗೆ ಗಂಡ, ಗಂಡನ ಮನೆಯವರು ಕೊಡುವ ಕಿರುಕುಳದ ವಿರುದ್ಧದ ಕಲಂ ಅದು. ಇನ್ನೊಂದರಲ್ಲಿ ‘ನೀವು’ ಅಂತ ಇತ್ತು. ಅದು ಹೊಗಳಿಕೆಯೋ ಬೈಗುಳವೋ ಇವತ್ತಿಗೂ ನನಗೆ ಗೊತ್ತಾಗಲಿಲ್ಲ.

ಚೀಟಿಗಳನ್ನು ಎರಡೆರಡು ಸಲ ಓದಿದ ಮೇಲೆ ಒಂದು ವಿಷಯ ಹೊಳೆಯಿತು. ಈ ಮಕ್ಕಳಿಗೆ ಸಿಟ್ಟು ಬರಿಸಿದ ಹೆಂಗಸು ಕಾಪುವಿನಲ್ಲೂ ಇಲ್ಲ, ಕಾರ್ಕಳದಲ್ಲೂ ಇಲ್ಲ. ಅವಳು ಇರುವುದು ಫೋನಿನಲ್ಲಿ. ಒಂದು ರೀಲ್ ಕೊನೆಯವರೆಗೆ ನೋಡಿದರೆ ಅಂಥದ್ದೇ ಹತ್ತು ಬರುತ್ತವೆ. ಹತ್ತು ನೋಡಿದ ಮೇಲೆ ಲೋಕದಲ್ಲಿ ಅಂಥವರೇ ತುಂಬಿದ್ದಾರೆ ಅನಿಸುತ್ತದೆ. ಕೆಳಗೆ ಕಾಮೆಂಟ್ ಹಾಕುವಾಗ ಆ ಒಬ್ಬಳಿಗಲ್ಲ, ಎಲ್ಲರಿಗೂ ಸೇರಿಸಿ ಹಾಕುತ್ತಾರೆ.

ಅಲ್ಲಿಂದ ನಾನು ವ್ಯಾಖ್ಯಾನ ಹೇಳುವುದು ಬಿಟ್ಟೆ. ಯಾರಾದರೂ ಸಿಟ್ಟಿನಿಂದ ಏನಾದರೂ ಹೇಳಿದರೆ ಒಂದೇ ಪ್ರಶ್ನೆ ಕೇಳುತ್ತೇನೆ. ಇದು ಯಾವ ಊರಿನ ಸಂಗತಿ?

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದ ಹಾಗೆ ಮಾಡಿದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್‌ನಲ್ಲಿ. ಆ ವರ್ಷ ತರಗತಿಯಲ್ಲಿ ಅದೇ ಮಾತು. “ಅವರಿಗೆ ಫ್ರೀ ಬಸ್ಸು, ನಾವು ದುಡ್ಡು ಕೊಡಬೇಕು. ಇದಾ ಸಮಾನತೆ?” ನಾನು ಕೇಳಿದೆ, ಇವತ್ತು ಫ್ರೀ ಬಸ್ಸಲ್ಲಿ ಬಂದವರು ಕೈ ಎತ್ತಿ. ಎರಡು ಕೈ ಎದ್ದವು. ಉಳಿದ ಹುಡುಗಿಯರೆಲ್ಲ ಪ್ರೈವೇಟ್ ಬಸ್ಸಿಗೆ ದುಡ್ಡು ಕೊಟ್ಟು ಬಂದವರು. ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ರಸ್ತೆ ತುಂಬಾ ಖಾಸಗಿ ಬಸ್ಸುಗಳೇ, ಸರ್ಕಾರಿ ಬಸ್ಸು ಕಾಯುತ್ತಾ ಕೂತರೆ ಮೊದಲ ಪೀರಿಯಡ್ ತಪ್ಪಿತು ಅಂತಲೇ ಲೆಕ್ಕ. ಹುಡುಗಿಯೊಬ್ಬಳು, “ನಮಗೆ ಫ್ರೀಯೂ ಇಲ್ಲ, ಬೈಗುಳ ಮಾತ್ರ ಸಿಕ್ಕಿದ್ದು ಮೇಡಂ” ಅಂದಳು. ತರಗತಿಯೆಲ್ಲ ನಕ್ಕಿತು. ಪ್ರಶ್ನೆ ಎತ್ತಿದವನೂ ನಕ್ಕ. ಬೆಂಗಳೂರಿನ ಬಸ್ ಸ್ಟ್ಯಾಂಡಿನ ಸಿಟ್ಟನ್ನು ಇವನು ಸುಮ್ನೆ ಕಡ ತಂದಿದ್ದ.

ಸ್ತ್ರೀವಾದಿಗಳನ್ನು ನಾಜಿಗಳಿಗೆ ಹೋಲಿಸಿ ಬೈಯುವ ‘ಫೆಮಿನಾಜಿ’ ಅನ್ನುವ ಶಬ್ದವೂ ಹಾಗೆಯೇ. ಅದನ್ನು 1990ರ ದಶಕದಲ್ಲಿ ಜನಪ್ರಿಯ ಮಾಡಿದ್ದು ರಶ್ ಲಿಂಬಾ ಅನ್ನುವ ಅಮೆರಿಕದ ರೇಡಿಯೋ ನಿರೂಪಕ. ಈಗ ಹೆಬ್ರಿ ಕಡೆಯ ಹುಡುಗನೂ ಕ್ಲಾಸ್ ಗ್ರೂಪಿನಲ್ಲಿ ಅದನ್ನೇ ಟೈಪ್ ಮಾಡುತ್ತಾನೆ. ಅದೇ ಹುಡುಗ ನನ್ನ ಹತ್ತಿರ, “ಫೆಮಿನಿಸಂ ಫಾರಿನ್‌ನಿಂದ ಬಂದದ್ದು ಮೇಡಂ, ನಮ್ಮದಲ್ಲ” ಅಂತ ವಾದ ಮಾಡಿದ. ನಾನು ಕಮಲಾದೇವಿ ಚಟ್ಟೋಪಾಧ್ಯಾಯರ ಕತೆ ಹೇಳಿದೆ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡರು. ಆಮೇಲೆ ಮತ್ತೆ ಮದುವೆಯಾದರು. 1926ರಲ್ಲಿ ಮದ್ರಾಸ್ ಪ್ರಾಂತ್ಯದ ಶಾಸನ ಸಭೆಗೆ ಚುನಾವಣೆಗೆ ನಿಂತರು, ಸ್ವಲ್ಪದರಲ್ಲಿ ಸೋತರು. ಮದ್ರಾಸ್ ಪ್ರಾಂತ್ಯದ ಹೆಂಗಸರಿಗೆ ಓಟು ಸಿಕ್ಕಿದ್ದು 1921ರಲ್ಲಿ. ಅದೂ ಎಲ್ಲರಿಗಲ್ಲ, ಆಸ್ತಿಪಾಸ್ತಿ ಇದ್ದವರಿಗೆ. ‘ಆಸ್ತಿ’ ಅನ್ನುವ ಈ ಶಬ್ದ ನೆನಪಿರಲಿ, ಮುಂದೆ ನನಗೇ ಬಂದು ತಾಗಿತು.

ಇನ್ನೊಬ್ಬ ಹುಡುಗನ ವಿಷಯ ಹೇಳಲೇಬೇಕು. ಅವತ್ತು ಮನೆಯವರ ದಿನಚರಿ ಬರೆಯಲು ಹೇಳಿದ್ದೆ. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಅಪ್ಪ ಏನು ಮಾಡುತ್ತಾರೆ, ಅಮ್ಮ ಏನು ಮಾಡುತ್ತಾರೆ. ಅಪ್ಪನ ಕಡೆ ಹುಡುಗ ತುಂಬಾ ಬರೆದಿದ್ದ. ಅಮ್ಮನ ಕಡೆ ಒಂದೇ ಸಾಲು.

“ಅಮ್ಮ ಮನೆಯಲ್ಲೇ ಇರುದು ಮೇಡಂ. ಎಂತ ಮಾಡುದಿಲ್ಲ.”

“ಸುಮ್ನೆ ಕೂತಿರ್ತಾರಾ?”

“ಬೀಡಿ ಕಟ್ತಾರೆ.”

ಹಾಗಾದರೆ ಅದನ್ನು ಬರಿ ಅಂದೆ. ಬರೆಯುತ್ತಾ ಹೋದ ಹಾಗೆ ಅವನ ಅಕ್ಷರ ಸಣ್ಣದಾಗುತ್ತಾ ಹೋಯಿತು, ಜಾಗ ಸಾಲಲಿಲ್ಲ. ಎಲೆ ನೀರಿಗೆ ಹಾಕುವುದು. ಅಳತೆಗೆ ಕತ್ತರಿಸುವುದು. ತಡ್ಪೆ (ಮೊರ) ಮಡಿಲಲ್ಲಿಟ್ಟು ಹೊಗೆಸೊಪ್ಪು ತುಂಬಿ ಸುರುಟುವುದು, ನೂಲು ಸುತ್ತುವುದು. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಬೀಡಿ ಕಂಪೆನಿಯ ಬ್ರಾಂಚಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಸರಿ ಇಲ್ಲದ್ದನ್ನು ತೆಗೆದು ಬಿಸಾಡುತ್ತಾರೆ, ಅದಕ್ಕೆ ದುಡ್ಡಿಲ್ಲ. ಇದರ ನಡುವೆ ಅನ್ನ, ಸಾರು, ಬಟ್ಟೆ, ದನ. ಬರೆದು ಮುಗಿಸಿ ಅವನೇ ಹೇಳಿದ, “ನನ್ನ ಸ್ಕಾಲರ್‌ಶಿಪ್ ಬರುವುದೂ ಅಮ್ಮನ ಬೀಡಿ ಕಾರ್ಡಿನಲ್ಲೇ ಮೇಡಂ.” ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನ ಅದು. ಪ್ರತಿ ವರ್ಷ ಅರ್ಜಿಗೆ ಅಮ್ಮನ ಗುರುತಿನ ಚೀಟಿಯ ಪ್ರತಿ ಲಗತ್ತಿಸಿದ್ದವನು, ‘ಎಂತ ಮಾಡುದಿಲ್ಲ’ ಅಂತ ಬರೆದಿದ್ದ.

ಅವತ್ತೇ 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಲೆಕ್ಕ ಬೋರ್ಡಿನ ಮೇಲೆ ಬರೆದೆ. ಮನೆಕೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. “97 ಜಾಸ್ತಿ ಆಯ್ತು ಮೇಡಂ, ನನ್ನ ಅಪ್ಪ ಅದರಲ್ಲಿಲ್ಲ” ಅಂತ ಒಬ್ಬ ಕೂಗಿದ. ಅವನು ಹೇಳಿದ್ದು ಸರಿಯೇ. ಆ ಸರಾಸರಿ ಮನೆಕೆಲಸ ಮಾಡುವವರದ್ದು ಮಾತ್ರ. ಗಂಡಸರಲ್ಲಿ ಅಂಥವರು ನೂರಕ್ಕೆ ಸುಮಾರು 26.

ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ನಡೆಯುವ ಮನೆಗಳ ಮಕ್ಕಳಿಗೆ ಬೇರೆಯೇ ಹೆಮ್ಮೆ. “ನಮ್ಮಲ್ಲಿ ಬರಿ, ಅಂದರೆ ವಂಶದ ಹೆಸರು, ಬರುವುದೇ ಅಮ್ಮನಿಂದ. ಆಸ್ತಿಯೂ ಹೆಣ್ಣಿನ ಕಡೆಯಿಂದ. ನಮಗೆ ಈ ಸ್ತ್ರೀವಾದ ಎಲ್ಲಾ ಯಾಕೆ?” ಒಳ್ಳೆ ಪ್ರಶ್ನೆ. ನಾನು ಒಪ್ಪಿ ಒಂದೇ ಮಾತು ಕೇಳಿದೆ, ಪತ್ತಾಯದ, ಅಂದರೆ ಭತ್ತದ ಕಣಜದ ಬೀಗದ ಕೈ ಯಾರ ಸೊಂಟದಲ್ಲಿತ್ತು? ಮನೆಯ ಹಿರಿಯ ಹೆಂಗಸು ಯಜಮಾನ್ತಿ ಆಗುವುದಕ್ಕೂ ಕಟ್ಟಿನಲ್ಲಿ ಅವಕಾಶ ಇತ್ತು. ಆದರೆ ಹೆಚ್ಚಿನ ಮನೆಗಳಲ್ಲಿ ಕಾರುಬಾರು ಸೋದರಮಾವನದ್ದು. ಹುಡುಗಿಯೊಬ್ಬಳು ಅಜ್ಜಿಯನ್ನು ಕೇಳಿಕೊಂಡು ಬಂದಳು. “ಅಜ್ಜಿ ಹೇಳಿದ್ದು, ಹೆಸರು ನಮ್ಮದು, ಸಹಿ ಅವರದ್ದು ಅಂತ.”

ಇಷ್ಟು ಓದಿದವರಿಗೆ ನಾನು ಗೆದ್ದೆ ಅಂತ ಅನಿಸಬಹುದು. ಇಲ್ಲ. ಕಡ ತಂದ ಸಿಟ್ಟು ನಗು ಬಂದರೆ ಇಳಿಯುತ್ತದೆ. ಆದರೆ ‘498ಎ’ ಅಂತ ಚೀಟಿ ಬರೆದವನು ಒಂದು ವಾರ ಬಿಟ್ಟು ಸ್ಟಾಫ್ ರೂಮಿಗೆ ಬಂದ. ಅವನ ಅಣ್ಣನ ಮೇಲೆ ಕೇಸು ಇದೆ, ಎರಡು ವರ್ಷದಿಂದ ಕೋರ್ಟಿಗೆ ಓಡಾಟ. ಅಮ್ಮನ ಹೆಸರನ್ನೂ ಸೇರಿಸಿದ್ದಾರೆ. ಗಂಡ ಹೆಂಡತಿ ಇಬ್ಬರಲ್ಲಿ ಯಾರದ್ದು ಸರಿ ಅಂತ ನನಗೆ ಹೇಗೆ ಗೊತ್ತಾಗಬೇಕು? 1983ರಲ್ಲಿ ಆ ಕಲಂ ಯಾಕೆ ಬಂತು, ಕಂಡಕಂಡವರನ್ನು ಹಾಗೇ ಹಿಡಿದು ಹಾಕಬಾರದು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಪೊಲೀಸರಿಗೆ ಏನು ಹೇಳಿತು ಅಂತ ತಿಳಿಸಿದೆ. ಅವನು ಕೇಳಿಸಿಕೊಂಡ. ಸಿಟ್ಟು ಇಳಿಯಲಿಲ್ಲ. ಇಳಿಯಬೇಕು ಅಂತ ನಾನೂ ಒತ್ತಾಯ ಮಾಡಲಿಲ್ಲ. ಅದು ಅವನ ಮನೆಯ ಸಿಟ್ಟು.

ಇನ್ನೊಂದು ನನ್ನ ಮನೆಯದ್ದು.

ನಮ್ಮದು ಅಪ್ಪನಿಂದ ವಂಶ ನಡೆಯುವ ಮಕ್ಕಳಕಟ್ಟಿನ ಮನೆ, ಕುಂದಾಪುರದ ಆಚೆ ಸ್ವಲ್ಪ ಗದ್ದೆ, ತೆಂಗಿನ ತೋಟ. ಅಪ್ಪ ಹೋದದ್ದು 2009ರಲ್ಲಿ. ಮರುವರ್ಷ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಆಸ್ತಿಯಲ್ಲಿ ನನ್ನ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ ನಾನು ಸಹಿ ಹಾಕಿದೆ. ಓದಲಿಲ್ಲ. ಪಾಠ ಮಾಡುವವಳು, ಒಂದು ಕಾಗದ ಓದದೆ ಸಹಿ ಹಾಕಿದೆ. ಅಮ್ಮ ಹೇಳಿದ್ದು ಇಷ್ಟೇ, “ಹಾಕು ಮಗಾ, ತವರು ಉಳಿಯಲಿ.”

ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಮಹಿಳಾ ದಿನದ ಗುಲಾಬಿಗಳು ಬರುತ್ತಿದ್ದ ಒಂದು ಬೆಳಿಗ್ಗೆ, ನಾನು ಎರಡು ಸಾಲು ಹಾಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅದು ಹುಟ್ಟಿನಿಂದಲೇ ಬರುವ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾರ ಹೆಸರೂ ಎತ್ತಲಿಲ್ಲ.

ಗುಲಾಬಿ ನಿಂತಿತು. ಅರ್ಧ ಗಂಟೆ ಬಿಟ್ಟು ದೊಡ್ಡಪ್ಪನ ಮಗ ಬರೆದ, “ನೀನೂ ಫೆಮಿನಿಸ್ಟ್ ಆದೆಯಾ?” ಕೆಳಗೆ ನಗುವ ಮುಖಗಳು. ಒಬ್ಬ ಅತ್ತಿಗೆಯದ್ದೂ ಇತ್ತು. ಇವರಿಗೆ ಶಬ್ದದ ಅರ್ಥ ಗೊತ್ತಿಲ್ಲ ಅಂತ ಹೇಳಲು ಆಗುವುದಿಲ್ಲ. ನನ್ನ ವಿದ್ಯಾರ್ಥಿಗಳಿಗಿಂತ, ನನ್ನ ಪ್ರೊಜೆಕ್ಟರಿಗಿಂತ ಚೆನ್ನಾಗಿ ಗೊತ್ತು. ಎಷ್ಟು ಸೆಂಟ್ಸ್ ಅಂತ ಸಮೇತ ಗೊತ್ತು. ಇಲ್ಲಿ ಚೀಟಿ, ನಗು, ಲೆಕ್ಕ ಯಾವುದೂ ಕೆಲಸಕ್ಕೆ ಬರಲಿಲ್ಲ. ನಾನು ಗ್ರೂಪಿನಲ್ಲಿ ಉತ್ತರ ಕೊಡಲಿಲ್ಲ. ಅಳಿಸಲೂ ಇಲ್ಲ.

ಅಣ್ಣ ಆ ವಿಷಯ ಇವತ್ತಿನವರೆಗೆ ಎತ್ತಿಲ್ಲ, ನಾನೂ ಕೇಳಿಲ್ಲ. ಪ್ರತಿ ವರ್ಷ ಬೇಸಿಗೆಯಲ್ಲಿ ಅವನು ನನಗೆ ಒಂದು ಗೋಣಿ ತೆಂಗಿನಕಾಯಿ ಕಳಿಸುತ್ತಾನೆ. ಈ ಸಲ ಮೂರು ಗೋಣಿ ಬಂತು.