ಹೈಟಿಯ ಕುಟುಂಬ ಕಥನಗಳನ್ನು ಓದುವ ಬಗೆ

ಹೈಟಿಯ ಕಾದಂಬರಿಗಳನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವವರು ಡುವಾಲಿಯೆ ಆಳ್ವಿಕೆಯ ಸ್ಥೂಲ ಪರಿಚಯವನ್ನಾದರೂ ಮಾಡಿಕೊಂಡಿರಬೇಕು. 1957ರಲ್ಲಿ ಅಧ್ಯಕ್ಷನಾಗಿ 1964ರಲ್ಲಿ ಆಜೀವ ಅಧ್ಯಕ್ಷನೆನಿಸಿಕೊಂಡ ಫ್ರಾನ್ಸ್ವಾ ಡುವಾಲಿಯೆ 1971ರಲ್ಲಿ ತೀರಿಕೊಂಡಾಗ ಅಧಿಕಾರವು 19 ವರ್ಷದ ಮಗನ ಕೈಸೇರಿತು. ಆ ಮಗ ದೇಶ ಬಿಟ್ಟು ಪಲಾಯನ ಮಾಡಿದ್ದು 1986ರ ಫೆಬ್ರವರಿಯಲ್ಲಿ. ಜನರು ತೊಂತೊಂ ಮಕೂತ್ ಎಂದು ಕರೆಯುತ್ತಿದ್ದ ಸಶಸ್ತ್ರ ಪಡೆ ಯಾರ ಮನೆಗಾದರೂ ನುಗ್ಗಬಹುದಾಗಿತ್ತು, ಯಾರನ್ನಾದರೂ ಎಳೆದೊಯ್ಯಬಹುದಾಗಿತ್ತು. ಆರಂಭಕ್ಕೆ ಇಷ್ಟು ಸಾಕು.

ಮೊದಲು ಓದಬೇಕಾದದ್ದು ಮಾರಿ ವ್ಯೂ-ಶೋವೆ ಅವರು 1968ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟಿಸಿದ, ಪ್ರೀತಿ, ಕೋಪ ಮತ್ತು ಹುಚ್ಚು ಎಂಬ ಮೂರು ನೀಳ್ಗತೆಗಳ ಸಂಪುಟ. ಬರೆದದ್ದಕ್ಕಾಗಿ ಅವರು ತೆತ್ತ ಬೆಲೆ ದೊಡ್ಡದು: ಪ್ರತೀಕಾರದ ಭಯದಿಂದ ಪುಸ್ತಕದ ಪ್ರಸಾರವೇ ನಿಂತುಹೋಯಿತು, ಅವರು 1973ರಲ್ಲಿ ನ್ಯೂಯಾರ್ಕ್‌ನಲ್ಲಿ ದೇಶಭ್ರಷ್ಟರಾಗಿಯೇ ಕೊನೆಯುಸಿರೆಳೆದರು. ಇದರಲ್ಲಿ ಎರಡನೆಯ ಕಥೆಯಿಂದಲೇ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಂದು ಬೆಳಿಗ್ಗೆ ಕಪ್ಪು ಸಮವಸ್ತ್ರದವರು ಬಂದು ನೋರ್ಮಿಲ್ ಕುಟುಂಬದ ಜಮೀನಿನಲ್ಲಿ ಗೂಟಗಳನ್ನು ನೆಡುತ್ತಾರೆ. ಜಮೀನನ್ನು ಉಳಿಸಿಕೊಳ್ಳುವ ಸಲುವಾಗಿ ಮಗಳು ರೋಸ್ ಆ ಸಮವಸ್ತ್ರಧಾರಿಗಳ ನಾಯಕನಿಗೆ ತನ್ನ ದೇಹವನ್ನೇ ಒಪ್ಪಿಸಬೇಕಾಗುತ್ತದೆ. ಓದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು, ಅಜ್ಜ, ತಂದೆ, ತಾಯಿ, ಸೋದರ, ಹೀಗೆ ಪ್ರತಿಯೊಬ್ಬರ ಹೆಸರಿನ ಮುಂದೆ ಅವರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲದಂತೆ ನಟಿಸುತ್ತಿದ್ದಾರೆ ಎಂಬುದನ್ನು ಗುರುತು ಹಾಕುತ್ತ ಹೋಗಬೇಕು. ರಾಜಕೀಯ ಹಿಂಸೆ ಈ ಕಥೆಗಳಲ್ಲಿ ಗುಂಡಿನ ಸದ್ದಿನಲ್ಲಿರುವುದಕ್ಕಿಂತ ಹೆಚ್ಚಾಗಿ ಊಟದ ಮೇಜಿನ ಸುತ್ತಲಿನ ಮೌನದಲ್ಲಿದೆ. ಆ ಮೌನವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಓದಿದರೆ ಕಥೆ ಬರಿಯ ದೌರ್ಜನ್ಯದ ವರದಿಯಾಗಿ ಉಳಿಯುತ್ತದೆ.

ಅನಂತರ ಕೆಟ್ಲಿ ಮಾರ್ಸ್ ಅವರ 2010ರ ಕಾದಂಬರಿ 'ಸೆಝೋಂ ಸೊವಾಜ್'ಗೆ ಹೋಗಬಹುದು. ಬಂಧನದಲ್ಲಿರುವ ಪತ್ರಕರ್ತನ ಪತ್ನಿ ನಿರ್ವಾ, ಗಂಡನ ಸುದ್ದಿ ಕೇಳಲು ಹೋಗಿ ಅಧಿಕಾರಸ್ಥನೊಬ್ಬನ ಹಿಡಿತಕ್ಕೆ ಸಿಲುಕುತ್ತಾಳೆ. ರೋಸ್ ಮತ್ತು ನಿರ್ವಾ ಇಬ್ಬರನ್ನೂ ಜೊತೆಗಿಟ್ಟು ನೋಡಬೇಕು. ಆದರೆ ತೀರ್ಪು ಕೊಡುವ ಆತುರ ಬೇಡ. ಸರಿ ತಪ್ಪುಗಳ ಪ್ರಶ್ನೆಗಿಂತ ಮೊದಲು, ಅವರ ಮುಂದೆ ನಿಜವಾಗಿ ಎಷ್ಟು ದಾರಿಗಳಿದ್ದವು ಎಂದು ಕೇಳಿಕೊಳ್ಳುವುದು ನ್ಯಾಯ. ಸರ್ವಾಧಿಕಾರ ಮುಗಿದ ಮೇಲೂ ಹಿಂಸೆ ಮುಗಿಯಲಿಲ್ಲವೆಂಬುದನ್ನು ಅರಿಯಲು ಯಾನಿಕ್ ಲಾಎನ್ಸ್ ಅವರು 2008ರಲ್ಲಿ ಬರೆದ, ಕಾಣೆಯಾದ ತಮ್ಮನಿಗಾಗಿ ಕಾಯುವ ಇಬ್ಬರು ಅಕ್ಕಂದಿರ ಕಾದಂಬರಿಯನ್ನು ಓದಬಹುದು.

ಎಡ್ವಿಜ್ ಡಾಂಟಿಕಾ ಅವರ 2004ರ 'ದಿ ಡ್ಯೂ ಬ್ರೇಕರ್' ಅನ್ನು ಕೊನೆಗೆ ಇಟ್ಟುಕೊಳ್ಳಬೇಕು. ತಂದೆ ಸೆರೆಮನೆಯಲ್ಲಿ ನರಳಿದವನೆಂದು ನಂಬಿ ಅವನ ಶಿಲ್ಪ ಕೆತ್ತಿದ ಮಗಳಿಗೆ, ಅವನು ಕೈದಿಯಲ್ಲ, ಕೈದಿಗಳನ್ನು ಹಿಂಸಿಸಿದವನೆಂದು ಅವನ ಬಾಯಿಂದಲೇ ತಿಳಿಯುತ್ತದೆ. ತಾಯಿಗೆ ಇದು ಮೊದಲೇ ಗೊತ್ತಿತ್ತು. ಸಂತ್ರಸ್ತರ ಮನೆಗಳನ್ನು ಚೆನ್ನಾಗಿ ಬಲ್ಲ ಓದುಗರಿಗೆ ಮಾತ್ರ ಹಿಂಸಕನ ಮನೆಯೊಳಗಿನ ಈ ಪ್ರೀತಿಯ ಪೂರ್ಣ ಭಾರ ತಟ್ಟೀತು. ಈ ಸಂಪುಟದ ಬಿಡಿ ಕಥೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಕ್ರಮ ತಪ್ಪಿಸಬಾರದು.

ಡಾಂಟಿಕಾ ಬರೆಯುವುದೇ ಇಂಗ್ಲಿಷಿನಲ್ಲಿ. ಉಳಿದ ಮೂವರು ಫ್ರೆಂಚ್‌ನಲ್ಲಿ ಬರೆದವರು. ಶೋವೆ ಅವರ ಸಂಪುಟದ ಇಂಗ್ಲಿಷ್ ಅನುವಾದ 2009ರಲ್ಲಿ ಬಂದಿದೆ. ಅದಕ್ಕೆ ಡಾಂಟಿಕಾ ಬರೆದಿರುವ ಮುನ್ನುಡಿಯನ್ನು ಮೂರೂ ಕಥೆಗಳನ್ನು ಮುಗಿಸಿದ ಮೇಲೆ ಓದುವುದು ಲೇಸು.